ನಮ್ಮ ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ ಮೂರು ಸ್ಟಾರ್, ಅದರಲ್ಲಿ ಒಂದು ಅಟೆಂಡರ್ ಅಣ್ಣನದು

ನನಗೆ ಹುಟ್ಟಿನಿಂದಲೂ ದೃಷ್ಟಿ ಕಡಿಮೆ. ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯಲ್ಲಿ, 75 ಪರ್ಸೆಂಟ್ ದೃಷ್ಟಿದೋಷ ಅಂತ ಇದೆ. ಬಸ್ಸಿನ ಬಣ್ಣ ಕಾಣುತ್ತದೆ, ಬೋರ್ಡು ಕಾಣುವುದಿಲ್ಲ. ಹಾಸನ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ 2021ರಿಂದ 2024ರವರೆಗೆ ಬಿ.ಎ. ಓದಿದೆ. ನಮ್ಮಂಥ ವಿದ್ಯಾರ್ಥಿಗಳಿಗೆ ನೆರವಾಗಬೇಕಾದ ಅಲ್ಲಿನ ಸಮಾನ ಅವಕಾಶ ಕೋಶದ ಬಗ್ಗೆ ಈ ರಿವ್ಯೂ. ಹೆಸರು ಹೇಳುವುದಿಲ್ಲ. ತಮ್ಮ ಈಗ ಅಲ್ಲೇ ಓದುತ್ತಿದ್ದಾನೆ, ಅವನಿಗ್ಯಾಕೆ ತೊಂದರೆ.

ಕೋಶ ಅಂದರೆ ಎನ್‌ಸಿಸಿ ಸ್ಟೋರ್ ಪಕ್ಕದ ಒಂದು ರೂಮು. ಅದೂ ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ! ನನ್ನ ಕ್ಲಾಸಿನ ಒಬ್ಬ ಹುಡುಗ ಮೂರು ಚಕ್ರದ ಗಾಡಿಯಲ್ಲಿ ಬರುತ್ತಿದ್ದ. ಅವನ ಅರ್ಜಿಯನ್ನೂ ನಾನೇ ಮೇಲೆ ಹತ್ತಿ ಕೊಟ್ಟು ಬರುತ್ತಿದ್ದೆ. ಉಸ್ತುವಾರಿ ನೋಡುವ ಸರ್‌ಗೆ ಇದರ ಜೊತೆಗೆ ಎನ್‌ಎಸ್‌ಎಸ್, ನ್ಯಾಕ್ ಎಲ್ಲ ತಲೆಮೇಲಿದೆ. ಸಿಕ್ಕರೆ ಸಿಕ್ಕರು.

ಪರೀಕ್ಷೆಯಲ್ಲಿ ನಮಗೆ ಕೊಡುವ ಜಾಸ್ತಿ ಟೈಮ್ ವಿಷಯದಲ್ಲಿ ಮಾತ್ರ ದೂರಿಲ್ಲ. ಒಂದು ಪುಟದ ಅರ್ಜಿ, ಕಾರ್ಡಿನ ಜೆರಾಕ್ಸ್, ಎರಡು ಫೋಟೋ, ಅಷ್ಟೇ. ಗಂಟೆಗೆ 20 ನಿಮಿಷದ ಲೆಕ್ಕ. ಎರಡೂವರೆ ಗಂಟೆಯ ಪೇಪರಿಗೆ 50 ನಿಮಿಷ. "ಬಸ್ ಹೋಗುತ್ತೆ ಕಣಮ್ಮ, ಬೇಗ ಮುಗಿಸು" ಅಂತ ಒಬ್ಬ ಮೇಡಂ ಗೊಣಗಿದಾಗ ಬಾಗಿಲಲ್ಲಿದ್ದ ಅಟೆಂಡರ್ ಅಣ್ಣ, "ಅವರದ್ದು ಇನ್ನೂ ಇಪ್ಪತ್ತು ನಿಮಿಷ ಇದೆ ಮೇಡಂ" ಅಂದು ಅಲ್ಲೇ ನಿಂತರು.

ಎಡವಟ್ಟಾಗಿದ್ದು ಸ್ಕ್ರೈಬ್, ಅಂದರೆ ನಾವು ಹೇಳಿದ ಉತ್ತರ ಬರೆಯುವವರ ವಿಷಯದಲ್ಲಿ. ಮೊದಲ ಸೆಮಿಸ್ಟರ್, ರಾಜ್ಯಶಾಸ್ತ್ರದ ಪೇಪರ್. ಪರೀಕ್ಷೆ ಶುರುವಾಗಲು ಕಾಲು ಗಂಟೆ ಇದ್ದಾಗ ಪಿಯುಸಿ ಸೈನ್ಸ್ ಓದುವ ಒಂದು ಹುಡುಗಿಯನ್ನು ತಂದು ಕೂರಿಸಿದರು. ಪಾಪ, ಇಂಗ್ಲಿಷ್ ಮೀಡಿಯಂ. ನಾನು "ಸಾರ್ವಭೌಮತ್ವ" ಅಂದೆ. ಪೆನ್ನು ನಿಂತಿತು. "ಅಕ್ಕಾ, 'ಬ'ಗೆ ಹೊಟ್ಟೆ ಸೀಳಬೇಕಾ?" ಅಂದಳು. ಸೀಳಮ್ಮ ಅಂದೆ. ಆ ಪದ ಉತ್ತರದಲ್ಲಿ ಒಂಬತ್ತೋ ಹತ್ತೋ ಸಲ ಬಂತು, ಅಷ್ಟೂ ಸಲ ಕೇಳಿದಳು. ಸಿಕ್ಕಿದ್ದ 50 ನಿಮಿಷವೆಲ್ಲ ಒತ್ತು, ದೀರ್ಘ ಹೇಳಿಕೊಡುವುದಕ್ಕೇ ಹೋಯಿತು. 60ಕ್ಕೆ 27 ಬಂತು. ನನಗೆ ಗೊತ್ತಿದ್ದ ಪಾಠ ಅದು.

ಆಮೇಲೆ ಗೊತ್ತಾಯಿತು, ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲೇ ಇದಕ್ಕೆ ಉತ್ತರ ಇತ್ತು. ಸ್ಕ್ರೈಬನ್ನು ಎರಡು ದಿನ ಮೊದಲೇ ಭೇಟಿ ಮಾಡಿ, ನಮಗೆ ಆಗುತ್ತಾರೋ ಇಲ್ಲವೋ ನೋಡಿಕೊಳ್ಳಲು ಬಿಡಬೇಕಿತ್ತು. ನಾವೇ ಕರೆತರುವುದಾದರೆ ಅವರ ಓದು ನಮಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತ ಅದರಲ್ಲಿತ್ತು. ಪ್ರಿಂಟ್ ತೆಗೆದು ಕೊಟ್ಟೆ. ಸರ್ ಎರಡು ಸಲ ಓದಿ, "ಹೌದಲ್ಲ" ಅಂದು ಸಹಿ ಹಾಕಿದರು. ಮನುಷ್ಯ ಕೆಟ್ಟವರಲ್ಲ, ಯಾರೂ ಅವರಿಗೆ ಓದಲು ಕೊಟ್ಟಿರಲಿಲ್ಲ. ಎರಡನೇ ಸೆಮಿಸ್ಟರಿನಿಂದ ಪಕ್ಕದ ಮನೆಯ, ಪಿಯುಸಿ ಆರ್ಟ್ಸ್ ಮುಗಿಸಿದ ಹುಡುಗಿ ಬಂದಳು. ಭಾನುವಾರ ಜಗುಲಿಯಲ್ಲಿ ಕೂತು ಹಳೇ ಪೇಪರ್ ಬರೆದು ರೂಢಿ ಮಾಡಿಕೊಂಡೆವು. ನಾನು ಮೇಜಿಗೆ ಒಂದು ಸಲ ಬೆರಳು ತಟ್ಟಿದರೆ ಹೊಸ ಪ್ಯಾರಾ, ಎರಡು ಸಲ ತಟ್ಟಿದರೆ ಅಡಿಗೆರೆ.

ನನ್ನ ಜೂನಿಯರ್ ಒಬ್ಬಳಿಗೆ ಬರೆಯುವಾಗ ಕೈ ಸೆಡೆತುಕೊಳ್ಳುತ್ತದೆ. ಸ್ಕ್ರೈಬ್ ಕೇಳಿದರೆ, 40 ಪರ್ಸೆಂಟ್ ಅಂಗವೈಕಲ್ಯದ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದರು. 40 ಪರ್ಸೆಂಟ್ ಇಲ್ಲ ಅನ್ನುವ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲೇ ಹೇಳಿದೆ. ಆ ಕೇಸಿನ ಹುಡುಗನಿಗೂ ಇದೇ ಕೈ ತೊಂದರೆ. ಒಂದು ಸ್ಟಾರ್ ನಾನು ಕಿತ್ತುಕೊಂಡಿದ್ದು ಇದಕ್ಕೆ.

ಇನ್ನು ನೋಟ್ಸ್. ಕೋಶದ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಇದೆ. ಪರದೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದುತ್ತದೆ, ಕಾಸಿಲ್ಲ. ಆದರೆ ನಮ್ಮ ಲೆಕ್ಚರರ್‌ಗಳೆಲ್ಲ ನೋಟ್ಸ್ ಟೈಪ್ ಮಾಡುವುದು 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಯೂನಿಕೋಡ್‌ನಲ್ಲಿ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. 'ನ' ಬಂದಲ್ಲೆಲ್ಲ "ಪೌಂಡ್" ಅನ್ನುತ್ತದೆ! ವಚನ ಚಳವಳಿಯ ನೋಟ್ಸ್ ಕೇಳಲು ಕೂತರೆ ಲಂಡನ್ನಿನ ಸಾಹುಕಾರ ದುಡ್ಡು ಎಣಿಸಿದ ಹಾಗಿತ್ತು.

ಇದನ್ನು ಬಗೆಹರಿಸಿದ್ದು ಕೋಶವಲ್ಲ, ಅದೇ ಅಟೆಂಡರ್ ಅಣ್ಣ. ನುಡಿಯ ಜೊತೆಗೇ ಬರುವ ಕನ್ವರ್ಟರ್ ಹೇಗೆ ನಡೆಸುವುದು ಅಂತ ಆಫೀಸಿನಲ್ಲಿ ಕೇಳಿ ಕಲಿತು, ಮಧ್ಯಾಹ್ನ ಊಟಕ್ಕೆ ಬಿಟ್ಟ ಹೊತ್ತಲ್ಲಿ ನಮ್ಮ ಫೈಲುಗಳನ್ನೆಲ್ಲ ಯೂನಿಕೋಡ್ ಮಾಡಿ ಕೊಡುತ್ತಿದ್ದರು. ಒತ್ತಕ್ಷರ ಎಲ್ಲಾದರೂ ಕೆಟ್ಟಿದ್ದರೆ ಕೂತು ತಿದ್ದುತ್ತಿದ್ದರು.

ಈ ವರ್ಷ ಸೇರುವವರು ಪರೀಕ್ಷೆಯ ತನಕ ಕಾಯಬೇಡಿ, ಅರ್ಜಿಯನ್ನು ಮೊದಲ ವಾರವೇ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ರೂಮಿಗೆ ಬೀಗ ಇದ್ದರೆ ಕ್ಯಾಂಟೀನ್ ಹಿಂದೆ ಹೋಗಿ, ಹನ್ನೊಂದು ಗಂಟೆಗೆ ಅಣ್ಣ ಅಲ್ಲಿ ಟೀ ಕುಡಿಯುತ್ತಿರುತ್ತಾರೆ. ಪೆನ್‌ಡ್ರೈವ್ ಜೊತೆಗಿರಲಿ. ಅವರದ್ದು ಹೊರಗುತ್ತಿಗೆ ಕೆಲಸ, ಆದಷ್ಟು ಬೇಗ ಹೋಗಿ.