ಸಾವಿರದ ಎಂಟು ಮೆಟ್ಟಿಲು, ನಾಲ್ಕು ಲೋಟ

ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಹತ್ತಲು ನನಗೆ ಮಾರ್ಚ್‌ನಲ್ಲಿ 27 ನಿಮಿಷ ಬೇಕಿತ್ತು. ಸಮಯ ಇಳಿಸಲು ಜೊತೆಯವರದ್ದು ಒಬ್ಬೊಬ್ಬರದ್ದು ಒಂದೊಂದು ಮದ್ದು. ಒಬ್ಬ ಅಶ್ವಗಂಧ ಅಂದ, ಇನ್ನೊಬ್ಬ ನೆಗ್ಗಿಲಮುಳ್ಳು, ಜಿಮ್ ಹುಡುಗ ಬೀಟ್‌ರೂಟ್ ಜ್ಯೂಸ್. ನಾನು ಕಾಫಿ ಪಕ್ಷ. ವಾದ ಮಾಡಿ ಸಾಕಾಗಿ ನಾಲ್ಕನ್ನೂ ಕುಡಿದು ನೋಡಿದೆ. ಪ್ರತಿ ಭಾನುವಾರ ಬೆಳಿಗ್ಗೆ, ಕೈಯಲ್ಲಿ ಫೋನಿನ ಸ್ಟಾಪ್‌ವಾಚ್.

ಮೊದಲು ಅಶ್ವಗಂಧ, ನಮ್ಮಜ್ಜಿಯ ಬಾಯಲ್ಲಿ ಹಿರೇಮದ್ದು. ಎಲ್ಲರೂ ತೋರಿಸುವ ಅಧ್ಯಯನ 2015ರದ್ದು. 57 ಗಂಡಸರು, 8 ವಾರ, ದಿನಕ್ಕೆ ಎರಡು ಸಲ 300 ಮಿಲಿಗ್ರಾಂ ಬೇರಿನ ಸಾರ. ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಸಾರ ತಗೊಂಡವರು ಸರಾಸರಿ 46 ಕಿಲೋ ಹೆಚ್ಚಿಸಿಕೊಂಡರು, ಮದ್ದೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರು 26. ಕೇಳಿದರೆ ಬಾಯಲ್ಲಿ ನೀರು ಬರುತ್ತೆ ಅಲ್ವಾ? ಆದರೆ ಅವರು ತೂಕ ಎತ್ತಿ ಅಭ್ಯಾಸ ಇಲ್ಲದವರು, ಅಧ್ಯಯನವೂ ಚಿಕ್ಕದು. ಇನ್ನೊಂದು ಮಾತು, ಅಲ್ಲಿ ಕೊಟ್ಟಿದ್ದು ಅಳತೆ ಮಾಡಿದ ಸಾರ. ನಾನು ತಂದ ಡಬ್ಬಿಯ ಮೇಲೆ ಎಷ್ಟು ಸಾರ ಅಂತ ಬರೆದೇ ಇರಲಿಲ್ಲ. ಅಂಗಡಿಯವನನ್ನು ಕೇಳಿದರೆ "ಪ್ಯೂರ್ ಸಾರ್" ಅಂದ.

8 ವಾರ ಹಾಲಿನಲ್ಲಿ ಕುಡಿದೆ. ನಿದ್ದೆ ಚೆನ್ನಾಗಿ ಬಂತು. ಸಮಯ 25 ನಿಮಿಷಕ್ಕೆ ಇಳಿಯಿತು. ಕುಣಿದಾಡಿದೆ. ಆಮೇಲೆ ಮೂರು ವಾರ ಬಿಟ್ಟು, ಸುಮ್ನೆ ಹತ್ತಿದೆ. 24.50, ಅಂದರೆ 24 ನಿಮಿಷ 50 ಸೆಕೆಂಡ್! ಇಳಿಸಿದ್ದು ಬೇರೋ ಬೆಟ್ಟವೋ, ನೀವೇ ಹೇಳಿ. ಅಶ್ವಗಂಧದಿಂದ ಕೆಲವರಿಗೆ ಲಿವರ್ ತೊಂದರೆ ಆದ ವರದಿಗಳಿವೆ. ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ನೆಗ್ಗಿಲಿನದ್ದು ಸಣ್ಣ ಕಥೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಏರಿಸುತ್ತೆ ಅಂತ ಮಾರುತ್ತಾರೆ. 2007ರಲ್ಲಿ ಆಸ್ಟ್ರೇಲಿಯಾದ 22 ರಗ್ಬಿ ಆಟಗಾರರ ಮೇಲೆ 5 ವಾರ ನೋಡಿದರು, ತಾಕತ್ತಿನಲ್ಲಿ ಸುಳ್ಳು ಮಾತ್ರೆಗಿಂತ ಏನೂ ಜಾಸ್ತಿ ಸಿಗಲಿಲ್ಲ. ನನಗೂ ಸಿಗಲಿಲ್ಲ. ಅದು ಆಷಾಢ ಬೇರೆ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ, ಮೇಲೆ ಮಳೆ. ಜಾರದೆ ಹತ್ತಿದ್ದೇ ದೊಡ್ಡದು.

ಬೀಟ್‌ರೂಟ್ ಗಿಡಮೂಲಿಕೆಯಲ್ಲ, ತರಕಾರಿ. ಆದರೆ ಹಿಂದಿನ ಎರಡಕ್ಕಿಂತ ಇದರ ಪುರಾವೆ ಗಟ್ಟಿ. ಅದರಲ್ಲಿರುವ ನೈಟ್ರೇಟನ್ನು ನಾಲಗೆ ಮೇಲಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತೆ, ಅದೇ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕಾಗುತ್ತೆ. ಎರಡು ಮೂರು ಗಂಟೆ ಮುಂಚೆ ಕುಡಿಯಬೇಕು. ಅಂದರೆ ಏಳಕ್ಕೆ ಹತ್ತಲು ನಾಲ್ಕೂವರೆಗೆ ಮಿಕ್ಸಿ ಹಾಕಬೇಕು. ಮನೆಯವಳ ಮುಖ ನೋಡಬೇಕಿತ್ತು.

ಮೊದಲ ಮೂರು ಭಾನುವಾರ ಏನೂ ಆಗಲಿಲ್ಲ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಎದ್ದ ಕೂಡಲೇ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೆ, ಆ ಬ್ಯಾಕ್ಟೀರಿಯಾಗಳನ್ನೇ ಕೊಂದು ಜ್ಯೂಸ್ ಕುಡಿಯುತ್ತಿದ್ದೆ! ಮೌತ್‌ವಾಶ್ ಬಿಟ್ಟ ಮೇಲೆ 24.10, ನಂತರ 23.55. ಮೂತ್ರ ಕೆಂಪಾಗಿ ಒಂದು ದಿನ ಎದೆ ಧಸಕ್ಕೆಂದಿತು, ಬರೀ ಬಣ್ಣ ಅಷ್ಟೇ. ಚೆನ್ನಾಗಿ ಪಳಗಿದ ಓಟಗಾರರಿಗೆ ಇದರ ಲಾಭ ಕಡಿಮೆ. ನನ್ನಂಥ ಭಾನುವಾರದ ಗಿರಾಕಿಗೆ ಪರವಾಗಿಲ್ಲ.

ಕಾಫಿ ಕೊನೆಗೆ. ಕಿಲೋ ತೂಕಕ್ಕೆ 3ರಿಂದ 6 ಮಿಲಿಗ್ರಾಂ ಕೆಫೀನ್, ಸುಮಾರು ಒಂದು ಗಂಟೆ ಮುಂಚೆ. ನನ್ನ 68 ಕಿಲೋಗೆ ಕನಿಷ್ಠ 200ರ ಆಸುಪಾಸು. ಚಿಕೋರಿ ತುಂಬಿದ ಪುಡಿಯಲ್ಲಿ ಅಷ್ಟು ಬರಲ್ಲ, ಅದಕ್ಕೆ ಚಿಕೋರಿ ಇಲ್ಲದ ಪುಡಿಯಲ್ಲಿ ಎರಡು ಲೋಟ ಗಟ್ಟಿ ಡಿಕಾಕ್ಷನ್. ಒಂದು ಕಾಲದಲ್ಲಿ ಕ್ರೀಡಾಪಟುಗಳಿಗೆ ಕೆಫೀನ್ ಮಿತಿ ಇತ್ತು, 2004ರಲ್ಲಿ ನಿಷೇಧದ ಪಟ್ಟಿಯಿಂದ ತೆಗೆದರು. 23.20, ನನ್ನ ದಾಖಲೆ. ನಂದಿ ತಲುಪುವ ಹೊತ್ತಿಗೆ ಹೊಟ್ಟೆ ಗುಡುಗುಟ್ಟಿದ್ದು ಬೇರೆ ವಿಷಯ. ಯಾವ ಲೋಟದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ಹಾಗಾಗಿ ಬರೀ ನಂಬಿಕೆಯೂ ಕೆಲಸ ಮಾಡಿರಬಹುದು, ಸೆಪ್ಟೆಂಬರ್‌ನ ತಂಪೂ ಕೈ ಹಿಡಿದಿರಬಹುದು.

ಈಗ ಕಾಫಿ ಮಾತ್ರ ಉಳಿದಿದೆ. ಬೀಟ್‌ರೂಟ್ ತಿಂಗಳಿಗೊಮ್ಮೆ, ಪಂದ್ಯ ಕಟ್ಟಿದರೆ. ನೆಗ್ಗಿಲ ಪುಡಿ ಇನ್ನೂ ಮುಕ್ಕಾಲು ಡಬ್ಬಿ ಇದೆ, ಬೇಕಾದವರು ಒಯ್ಯಬಹುದು.