ಹಳೆ ಜಿಯಾನ್, ರೈಜನ್, ಬಾಡಿಗೆಯ ಆರ್ಮ್: ಒಂದೇ ಕೆಲಸವನ್ನು ಮೂರರಲ್ಲೂ ಮಾಡಿಸಿ ನೋಡಿದಾಗ

ಎರಡು ಪ್ರೊಸೆಸರ್ ಕೂತಿರುವ ಹಳೆ ಜಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ವರ್ಕ್‌ಸ್ಟೇಷನ್‌ಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಡೇಟಾ ಸೆಂಟರ್‌ಗಳು ಸರ್ವರ್ ಬದಲಾಯಿಸಿದಾಗ ಹೊರಬಿದ್ದ ಚಿಪ್‌ಗಳು ಇವು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ‘28 ಕೋರ್, 56 ಥ್ರೆಡ್’ ಅಂತ ಅಂಗಡಿಯವರು ಹೇಳಿದ ತಕ್ಷಣ ಆಸೆ ಹುಟ್ಟುತ್ತದೆ, ಅಲ್ವಾ? ಅದೇ ಕೆಲಸಕ್ಕೆ ಎಎಂಡಿ ಕಂಪನಿಯ 16 ಕೋರಿನ ರೈಜನ್ ಡೆಸ್ಕ್‌ಟಾಪ್ ಸಾಕು ಅಂತ ಕೆಲವರು. ಮೆಷಿನ್ ಯಾಕೆ ಕೊಳ್ಳಬೇಕು, ಕ್ಲೌಡ್‌ನಲ್ಲಿ ಆರ್ಮ್ (ಮೊಬೈಲ್‌ಗಳಲ್ಲಿರುವ ಜಾತಿಯ ಪ್ರೊಸೆಸರ್) ಸರ್ವರ್ ಬಾಡಿಗೆಗೆ ತಗೊಳ್ಳಿ ಅಂತ ಇನ್ನು ಕೆಲವರು. ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ. ಬರೀ ಕೋರ್ ಎಣಿಸಿ ದುಡ್ಡು ಕೊಡಬೇಡಿ. ಆ ಕೋರ್‌ಗೆ ಮೆಮೊರಿ ಎಷ್ಟು ಹತ್ತಿರದಲ್ಲಿದೆ ಅಂತ ಮೊದಲು ನೋಡಿ. ಇಪ್ಪತ್ತು ವರ್ಷಗಳಲ್ಲಿ ಸರ್ವರ್ ಪ್ರೊಸೆಸರ್ ಬದಲಾದದ್ದೆಲ್ಲ ಹೆಚ್ಚಾಗಿ ಅಲ್ಲೇ.

ನನ್ನ ಕೆಲಸ ಎರಡು ಥರದ್ದು. ಒಂದು, ಸ್ಕ್ಯಾನ್ ಮಾಡಿದ ಹಳೆ ಕನ್ನಡ ಪತ್ರಿಕೆಗಳ ಪುಟಗಳನ್ನು ಟೆಸ್ಸರಾಕ್ಟ್ ಅನ್ನುವ ಪ್ರೋಗ್ರಾಂ ಮೂಲಕ ಪಠ್ಯವಾಗಿಸುವುದು. ಇನ್ನೊಂದು, ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕಂಪೈಲ್ ಮಾಡುವುದು, ಅಂದರೆ ಅದರ ಕೋಡ್ ಅನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದು. ಮೆಷಿನ್‌ಗಳು ಮೂರು: ಎರಡು ಜಿಯಾನ್ ಇ5-2680 ವಿ4 ಇರುವ ಹಳೆ ವರ್ಕ್‌ಸ್ಟೇಷನ್, ರೈಜನ್ 9 5950ಎಕ್ಸ್ ಹಾಕಿದ ಡೆಸ್ಕ್‌ಟಾಪ್, ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ ಬಾಡಿಗೆಗೆ ಪಡೆದ ಆರ್ಮ್ ಚಿಪ್ ಗ್ರಾವಿಟಾನ್2.

ಮೊದಲ ವಿಷಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟಾಗ ಜಿಯಾನ್‌ನ 28 ಕೋರ್‌ಗಳೂ ರೈಜನ್‌ನ 16 ಕೋರ್‌ಗಳೂ ಹೆಚ್ಚುಕಡಿಮೆ ಜೊತೆಯಲ್ಲೇ ಮುಗಿಸುತ್ತವೆ. ಎಷ್ಟೋ ಸಲ ರೈಜನ್ ಸ್ವಲ್ಪ ಮುಂದೆ. ಕಾರಣ ಸರಳ. ಆ ಜಿಯಾನ್ 2016ರದ್ದು, 14 ನ್ಯಾನೋಮೀಟರ್ ತಯಾರಿಕೆ (ಈ ಅಂಕಿ ಚಿಕ್ಕದಾದಷ್ಟೂ ಹೊಸದು), ಬೇಸ್ ವೇಗ 2.4 ಗಿಗಾಹರ್ಟ್ಸ್. ರೈಜನ್ 2020ರದ್ದು, 7 ನ್ಯಾನೋಮೀಟರ್, ಬೇಸ್ ವೇಗವೇ 3.4. ಅದಕ್ಕಿಂತ ಮುಖ್ಯ, ಒಂದೊಂದು ಕ್ಲಾಕ್‌ನಲ್ಲಿ ಅದು ಮಾಡುವ ಕೆಲಸವೂ ಜಾಸ್ತಿ. ಕರೆಂಟಿನ ಲೆಕ್ಕ ನೋಡಿ: ಜಿಯಾನ್ ತಲಾ 120 ವ್ಯಾಟ್, ಎರಡಕ್ಕೆ 240. ರೈಜನ್ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ 142 ವ್ಯಾಟ್ ದಾಟುವುದಿಲ್ಲ. ದಿನವಿಡೀ ಓಡಿಸುವವರಿಗೆ ಇದು ಸಣ್ಣ ಮಾತಲ್ಲ.

ಇಷ್ಟಕ್ಕೇ ರೈಜನ್ ಗೆದ್ದಿತು ಅಂತ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ. ಎರಡು ಸಾಕೆಟ್‌ನ, ಅಂದರೆ ಪ್ರೊಸೆಸರ್ ಕೂರಿಸುವ ಎರಡು ಜಾಗ ಇರುವ ಮೆಷಿನ್ ಹೇಗೆ ವರ್ತಿಸುತ್ತದೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1998ರಲ್ಲಿ ಪೆಂಟಿಯಂ 2 ಜಿಯಾನ್ ಬಂದಾಗಿನಿಂದ ಇಂಟೆಲ್ ಸರ್ವರ್‌ಗಳಲ್ಲಿ ಮೆಮೊರಿ ಕಂಟ್ರೋಲರ್ (ಮೆಮೊರಿಯಿಂದ ಡೇಟಾ ತಂದುಕೊಡುವ ಭಾಗ) ಪ್ರೊಸೆಸರ್ ಚಿಪ್‌ನ ಹೊರಗೆ, ಮದರ್‌ಬೋರ್ಡ್ ಮೇಲೆ ಇರುತ್ತಿತ್ತು. ಎಲ್ಲ ಪ್ರೊಸೆಸರ್‌ಗಳೂ ಫ್ರಂಟ್ ಸೈಡ್ ಬಸ್ ಅನ್ನುವ ದಾರಿ ದಾಟಿ ಅದೇ ಕಂಟ್ರೋಲರ್ ಹತ್ತಿರ ಬರಬೇಕಿತ್ತು. ಇಡೀ ಬೀದಿಗೆ ಒಂದೇ ನಲ್ಲಿ, ಎಲ್ಲರೂ ಕೊಡ ಹಿಡಿದು ಸಾಲಿನಲ್ಲಿ ನಿಂತ ಹಾಗೆ. ಪ್ರೊಸೆಸರ್ ಜಾಸ್ತಿ ಆದಷ್ಟೂ ಕಾಯುವುದೂ ಜಾಸ್ತಿ.

ಇದನ್ನು ಮುರಿದದ್ದು 2003ರ ಏಪ್ರಿಲ್‌ನಲ್ಲಿ ಬಂದ ಎಎಂಡಿ ಆಪ್ಟೆರಾನ್. ಮೆಮೊರಿ ಕಂಟ್ರೋಲರ್ ಅನ್ನು ಚಿಪ್ ಒಳಗೇ ತಂದಿತು. ಪ್ರತಿ ಪ್ರೊಸೆಸರ್‌ಗೂ ತನ್ನದೇ ಮೆಮೊರಿ. ಪಕ್ಕದವನ ಹತ್ತಿರ ಇರುವುದು ಬೇಕಾದರೆ ಹೈಪರ್‌ಟ್ರಾನ್ಸ್‌ಪೋರ್ಟ್ ಕೊಂಡಿ ದಾಟಿ ತರಬೇಕು. ಜೊತೆಗೆ ಹಳೆ 32 ಬಿಟ್ ಪ್ರೋಗ್ರಾಂಗಳನ್ನು ಕೈಬಿಡದೆ 64 ಬಿಟ್ ಕೊಟ್ಟಿತು. ಅದೇ ಹೊತ್ತಿಗೆ ಇಂಟೆಲ್ 64 ಬಿಟ್‌ಗೆ ಅಂತ ಇಟಾನಿಯಂ ನಂಬಿಕೊಂಡಿತ್ತು. 2001ರಲ್ಲಿ ಬಂದ ಆ ಚಿಪ್‌ಗೆ ಪೂರ್ತಿ ಹೊಸ ಇನ್‌ಸ್ಟ್ರಕ್ಷನ್ ಸೆಟ್ (ಚಿಪ್‌ಗೆ ಅರ್ಥವಾಗುವ ಆದೇಶಗಳ ಭಾಷೆ). ಹಳೆ ಪ್ರೋಗ್ರಾಂಗಳು ಅದರಲ್ಲಿ ತೆವಳುತ್ತಿದ್ದವು. 2004ರಲ್ಲಿ ಇಂಟೆಲ್ ಕೂಡ ಎಎಂಡಿಯ 64 ಬಿಟ್ ದಾರಿಯನ್ನೇ ಜಿಯಾನ್‌ಗೆ ತಂದಿತು. ಇವತ್ತು ನಾವು ಓಡಿಸುವ ಇಂಟೆಲ್, ಎಎಂಡಿ ಪಿಸಿಗಳೆಲ್ಲ ಆ ದಾರಿಯವೇ.

ಇಲ್ಲಿ ನಮ್ಮೂರಿನ ಒಂದು ಚಿಪ್ ನೆನಪಾಗುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಆರು ಕೋರಿನ ಜಿಯಾನ್ 7400, ಕೋಡ್ ಹೆಸರು ಡನಿಂಗ್ಟನ್. ಇಂಟೆಲ್‌ನ ಬೆಂಗಳೂರು ತಂಡ ಅದನ್ನು ವಿನ್ಯಾಸ ಮಾಡಿತ್ತು. ಒಂದೇ ಚಿಪ್ ಮೇಲೆ ಆರು ಕೋರ್, 16 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್ ಒಳಗೇ ಇರುವ ವೇಗದ ಮೆಮೊರಿ. ಆ ದೊಡ್ಡ ಕ್ಯಾಶ್ ಯಾಕೆ ಬೇಕಿತ್ತು ಅಂದರೆ, ಮೆಮೊರಿಗೆ ಇನ್ನೂ ಅದೇ ಫ್ರಂಟ್ ಸೈಡ್ ಬಸ್ ಮೂಲಕವೇ ಹೋಗಬೇಕಿತ್ತು. ಮರುವರ್ಷ ಮಾರ್ಚ್‌ನಲ್ಲಿ ಜಿಯಾನ್ 5500 ಬಂತು. ಎರಡು ಸಾಕೆಟ್ ಸರ್ವರ್‌ಗಳಲ್ಲಿ ಇಂಟೆಲ್ ಕೂಡ ಕಂಟ್ರೋಲರ್ ಅನ್ನು ಚಿಪ್ ಒಳಗೆ ತಂದದ್ದು ಆಗ. ಹಳೆ ವ್ಯವಸ್ಥೆಯೊಳಗೆ ಏನು ಸಾಧ್ಯವೋ ಅದನ್ನೆಲ್ಲ ಡನಿಂಗ್ಟನ್ ಹಿಂಡಿ ತೆಗೆದಿತ್ತು ಅಂತ ನನಗೆ ಅದರ ಮೇಲೆ ತುಂಬಾ ಅಭಿಮಾನ.

ಈಗ ನನ್ನ ಮೇಜಿನ ಮೇಲಿನ ಜಿಯಾನ್‌ಗೆ ಬರೋಣ. ಲಿನಕ್ಸ್‌ನಲ್ಲಿ ನ್ಯೂಮಾಸಿಟಿಎಲ್ ಕಮಾಂಡ್ ಕೊಟ್ಟು ಹಾರ್ಡ್‌ವೇರ್ ವಿವರ ಕೇಳಿದರೆ ಕೊನೆಯಲ್ಲಿ ಒಂದು ಚಿಕ್ಕ ಕೋಷ್ಟಕ ಬರುತ್ತದೆ. ಸ್ವಂತ ಮೆಮೊರಿಗೆ ದೂರ 10, ಪಕ್ಕದ ಸಾಕೆಟ್ ಮೆಮೊರಿಗೆ 21. ಇದು ಅಳೆದು ಹೇಳಿದ ಸಮಯ ಅಲ್ಲ, ಬಯೋಸ್ ಕೊಡುವ ಅಂದಾಜು. ಆದರೂ ವಿಷಯ ಸ್ಪಷ್ಟ. ದೊಡ್ಡ ಡೇಟಾಬೇಸ್ ಥರದ ಒಂದೇ ಪ್ರೋಗ್ರಾಂ ಎರಡೂ ಕಡೆಯ ಮೆಮೊರಿಯಲ್ಲಿ ಹರಡಿಕೊಂಡರೆ 28 ಕೋರ್ ಇದ್ದೂ ಮಂಕಾಗುತ್ತದೆ. ಅದೇ ಕಮಾಂಡ್‌ನಿಂದ ಪ್ರೋಗ್ರಾಂ ಅನ್ನು ಒಂದು ಸಾಕೆಟ್‌ಗೂ ಅದರ ಮೆಮೊರಿಗೂ ಕಟ್ಟಿಹಾಕಿದರೆ ಅರ್ಧ ಕೋರ್‌ಗಳಲ್ಲೇ ಚುರುಕಾಗಿ ಓಡುತ್ತದೆ.

ರೈಜನ್‌ನಲ್ಲಿ ಈ ತಲೆನೋವು ಕಡಿಮೆ. ಒಳಗೆ ಅದೂ ಮೂರು ತುಂಡು: ತಲಾ 8 ಕೋರ್, 32 ಎಂಬಿ ಎಲ್3 ಇರುವ ಎರಡು ಚಿಪ್ಲೆಟ್ (ಚಿಕ್ಕ ಚಿಪ್ ತುಂಡು), ಮೆಮೊರಿ ನೋಡಿಕೊಳ್ಳುವ ಐಒ ಡೈ ಅನ್ನುವ ಇನ್ನೊಂದು ತುಂಡು. ಎರಡೂ ಚಿಪ್ಲೆಟ್‌ಗಳಿಗೆ ಮೆಮೊರಿ ಒಂದೇ ದೂರದಲ್ಲಿದೆ. ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ 2017ರಲ್ಲಿ ಮೊದಲು ಬಂದಾಗ ಹೀಗಿರಲಿಲ್ಲ. ಅಲ್ಲಿ ನಾಲ್ಕು ಡೈಗಳು, ಒಂದೊಂದಕ್ಕೂ ತನ್ನ ಮೆಮೊರಿ, ಅಂದರೆ ಒಂದೇ ಸಾಕೆಟ್ ಒಳಗೇ ನಾಲ್ಕು ಮನೆ. 2019ರ ಎಪಿಕ್ ರೋಮ್ ಅದನ್ನು ಸರಿಮಾಡಿತು. ನಡುವೆ ಒಂದು ಐಒ ಡೈ, ಸುತ್ತ ಎಂಟು ಚಿಪ್ಲೆಟ್, ಒಟ್ಟು 64 ಕೋರ್. ನನ್ನ ರೈಜನ್ ಅದೇ ಯೋಚನೆಯ ಚಿಕ್ಕ ರೂಪ.

ಪುಟಗಳನ್ನು ಪಠ್ಯವಾಗಿಸುವ ಕೆಲಸದಲ್ಲಿ ಒಂದು ಸೆಟ್ಟಿಂಗ್ ಬಹಳ ಮುಖ್ಯ. ಟೆಸ್ಸರಾಕ್ಟ್ ತಾನಾಗಿಯೇ ಒಂದು ಪುಟಕ್ಕೆ ನಾಲ್ಕು ಥ್ರೆಡ್ ಎಬ್ಬಿಸುತ್ತದೆ. 56 ಥ್ರೆಡ್ ಇದೆಯಲ್ಲ ಅಂತ 56 ಪುಟ ಒಟ್ಟಿಗೆ ಬಿಟ್ಟರೆ ಇನ್ನೂರಕ್ಕೂ ಜಾಸ್ತಿ ಥ್ರೆಡ್‌ಗಳು ಒಂದನ್ನೊಂದು ತಳ್ಳಾಡುತ್ತವೆ. ಯಾವ ಕೋರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಎಲ್ಲ ಕೋರ್ ನೂರು ಪರ್ಸೆಂಟ್, ಪುಟ ಮಾತ್ರ ಮುಂದೆ ಹೋಗಲ್ಲ. ಥ್ರೆಡ್‌ಗಳಿಗೆ ಮಿತಿ ಹಾಕುವ ಒಎಂಪಿ ಥ್ರೆಡ್ ಲಿಮಿಟ್ ಸೆಟ್ಟಿಂಗ್ ಅನ್ನು 1 ಮಾಡಿದರೆ ಪುಟಗಳು ಸರಸರ ಬೀಳತೊಡಗುತ್ತವೆ. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದ ಕಾರಣ ಈ ಕೆಲಸದಲ್ಲಿ ಸಾಕೆಟ್ ದೂರ ಅಷ್ಟಾಗಿ ಕಾಡುವುದಿಲ್ಲ. ಹಳೆ ಜಿಯಾನ್ ತನ್ನ ಪೂರ್ತಿ ಶಕ್ತಿ ತೋರಿಸುವುದು ಇಲ್ಲೇ. ಇನ್ನೊಂದು ಮಾತು: ಇನ್ನೂ ಅಗ್ಗ ಅಂತ ಜಿಯಾನ್ ಇ5ರ ಹಳೆ ವಿ2 ಸರಣಿಗೆ ಇಳಿಯಬೇಡಿ. ಟೆಸ್ಸರಾಕ್ಟ್ ಚೆನ್ನಾಗಿ ಬಳಸಿಕೊಳ್ಳುವ ಎವಿಎಕ್ಸ್2 (ಹಲವು ಲೆಕ್ಕ ಒಟ್ಟಿಗೆ ಮಾಡುವ ಆದೇಶಗಳು) ಬಂದದ್ದು 2014ರ ವಿ3ಯಿಂದ.

ಕರ್ನಲ್ ಕಂಪೈಲ್‌ನಲ್ಲಿ ಮಾತ್ರ ರೈಜನ್ ಬೇರೆ ಥರವೇ ಅನ್ನಿಸುತ್ತದೆ. ಸಾವಿರಾರು ಫೈಲ್‌ಗಳು ಹಂಚಿಕೊಂಡು ಓಡುವಾಗ ಎರಡೂ ಸಮ. ಕೊನೆಗೆ ಎಲ್ಲವನ್ನೂ ಸೇರಿಸುವ ಲಿಂಕ್ ಹಂತ ಬಂದಾಗ ಒಂದೇ ಕೋರ್ ಕೆಲಸ, ಉಳಿದ 27 ಸುಮ್ನೆ ನೋಡುತ್ತಿರುತ್ತವೆ. ಒಂದು ಸಾಲು ತಿದ್ದಿ ಮತ್ತೆ ಕಟ್ಟುವ ದಿನಗಳಲ್ಲಿ ಈ ಹಂತವೇ ಪದೇ ಪದೇ ಬರುತ್ತದೆ. ಇದಕ್ಕೆ 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಅನ್ನುವ ಪ್ರೊಸೆಸರ್ ಭದ್ರತಾ ದೋಷವನ್ನೂ ಸೇರಿಸಿ. ಆ ಜಿಯಾನ್‌ಗೆ ಅದರ ತೇಪೆ ಬೇಕೇ ಬೇಕು, ಕರ್ನಲ್ ಒಳಗೆ ಹೋಗಿಬರುವ ಪ್ರತಿ ಸಲವೂ ಸ್ವಲ್ಪ ದಂಡ. ರೈಜನ್‌ಗೆ ಆ ದೋಷ ಇಲ್ಲ.

ಹಾಗಾದರೆ ಜಿಯಾನ್ ಯಾಕೆ ಇಟ್ಟುಕೊಂಡಿದ್ದೇನೆ? ಮೆಮೊರಿಗಾಗಿ. ಒಂದೊಂದು ಸಾಕೆಟ್‌ಗೂ ಮೆಮೊರಿಗೆ ಹೋಗುವ ನಾಲ್ಕು ದಾರಿ (ಚಾನೆಲ್), ಸರ್ವರ್‌ಗಳ ಹಳೆ ರಿಜಿಸ್ಟರ್ಡ್ ಇಸಿಸಿ (ತಪ್ಪು ತಿದ್ದುವ) ಮೆಮೊರಿ ಹಾಕಬಹುದು. ರೈಜನ್‌ಗೆ ಎರಡೇ ಚಾನೆಲ್, 128 ಜಿಬಿಗೆ ಮಿತಿ, ರಿಜಿಸ್ಟರ್ಡ್ ಮೆಮೊರಿ ಹಿಡಿಸುವುದೇ ಇಲ್ಲ. ಇಸಿಸಿ ಬೇಕೆಂದರೆ ಮದರ್‌ಬೋರ್ಡ್ ಯಾವುದು ಅಂತ ಹುಡುಕಿ ನೋಡಬೇಕು. ತಿಂಗಳುಗಟ್ಟಲೆ ಕೂಡಿಟ್ಟ ಪಠ್ಯದಲ್ಲಿ ಒಂದು ಬಿಟ್ ಸದ್ದಿಲ್ಲದೆ ತಿರುಗಿ ಒಂದು ಅಕ್ಷರ ಬದಲಾಗುವುದನ್ನು ನಾನು ಸಹಿಸಲಾರೆ. ಇಸಿಸಿ ಅಂಥ ಒಂದು ಬಿಟ್ ತಪ್ಪನ್ನು ತಿದ್ದಿ, ಲಾಗ್‌ನಲ್ಲೂ ಬರೆದಿಡುತ್ತದೆ. ಫ್ಯಾನ್ ಸದ್ದು, ಆನ್ ಮಾಡಿದ ಮೇಲೆ ನಿಮಿಷಗಟ್ಟಲೆ ಕಾಯುವುದು, ಇವೆಲ್ಲ ಇವೆ. ವಿಂಡೋಸ್ 11 ಕೂಡ ಅಧಿಕೃತವಾಗಿ ನಡೆಯಲ್ಲ.

ಗ್ರಾವಿಟಾನ್2 ಬಗ್ಗೆ ನನಗೆ ಹಿಡಿಸಿದ್ದು ಅದರ ನೇರ ಲೆಕ್ಕ. ಕ್ಲೌಡ್‌ನ ಸಾಮಾನ್ಯ ಇಂಟೆಲ್ ಮೆಷಿನ್‌ಗಳಲ್ಲಿ ಒಂದು ವಿಸಿಪಿಯು (ಬಾಡಿಗೆಗೆ ಎಣಿಸಿ ಕೊಡುವ ಪ್ರೊಸೆಸರ್ ಪಾಲು) ಅಂದರೆ ಒಂದು ಹೈಪರ್‌ಥ್ರೆಡ್, ಅಂದರೆ ಅರ್ಧ ಕೋರ್. ಇಲ್ಲಿ ಒಂದು ವಿಸಿಪಿಯು ಅಂದರೆ ಒಂದು ಪೂರ್ತಿ ಕೋರ್. ಒಂದೇ ಚಿಪ್‌ನಲ್ಲಿ ಅಂಥ 64. ವೇಗ 2.5 ಗಿಗಾಹರ್ಟ್ಸ್ ಅಷ್ಟೇ, ಒಂಟಿ ಕೋರ್ ಕೆಲಸದಲ್ಲಿ ರೈಜನ್ ಹತ್ತಿರವೂ ಬರುವುದಿಲ್ಲ. ಆದರೆ ಪುಟಗಳ ರಾಶಿ ಹಾಕಿದರೆ ಎಲ್ಲ ಕೋರ್‌ಗಳೂ ಒಂದೇ ಹದದಲ್ಲಿ ಓಡುತ್ತವೆ. ಟೆಸ್ಸರಾಕ್ಟ್ 5ರಲ್ಲಿ ಎವಿಎಕ್ಸ್2 ಥರದ್ದೇ ಆದ ಆರ್ಮ್‌ನ ನಿಯಾನ್ ಬೆಂಬಲವೂ ಇದೆ. ಖಾಲಿ ಇರುವ ಮೆಷಿನ್‌ಗಳಿಗೆ ಹಾಕುವ ಸ್ಪಾಟ್ ದರದಲ್ಲಿ ತಗೊಂಡರೆ ಅಗ್ಗ, ಆದರೆ ಅಮೆಜಾನ್ ಎರಡೇ ನಿಮಿಷದ ಸೂಚನೆ ಕೊಟ್ಟು ಕಿತ್ತುಕೊಳ್ಳಬಹುದು. ಪುಟ ಪುಟವಾಗಿ ಉಳಿಸುತ್ತಾ ಹೋಗುವ ಕೆಲಸಕ್ಕೆ ಅದೇನೂ ತೊಂದರೆ ಅಲ್ಲ. ಯಾವಾಗಲೋ ಒಮ್ಮೆ ದೊಡ್ಡ ರಾಶಿ ಬರುವವರಿಗೆ ಇದೇ ಸರಿ.

ದಿನವೂ ಕೋಡ್ ಬರೆದು ಕಟ್ಟುವವರು ರೈಜನ್ ತಗೊಳ್ಳಿ, ಎರಡನೇ ಮಾತೇ ಇಲ್ಲ. ಒಂದೇ ಕಂಪ್ಯೂಟರ್ ಒಳಗೆ ಹತ್ತಾರು ವರ್ಚುವಲ್ ಮೆಷಿನ್ ಓಡಿಸಿ ಕಲಿಯುವ ವಿದ್ಯಾರ್ಥಿಗೆ ಹಳೆ ಜಿಯಾನ್ ಇವತ್ತಿಗೂ ಒಳ್ಳೆಯ ಮೆಷಿನ್. ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್ ಆದರೆ ಪವರ್ ಸಪ್ಲೈ ಕನೆಕ್ಟರ್ ಮಾಮೂಲಿಯದ್ದೇ ಅಂತ ನೋಡಿಕೊಳ್ಳಿ. ಇನ್ನು ಸ್ವಲ್ಪ ಜಾಸ್ತಿ ಹಣ ಇದ್ದವರು ಸೆಕೆಂಡ್ ಹ್ಯಾಂಡ್ ಎಪಿಕ್ ರೋಮ್ ಹುಡುಕಬಹುದು. ಎಂಟು ಚಾನೆಲ್ ಮೆಮೊರಿ, ಇಸಿಸಿ, ಒಂದೇ ಸಾಕೆಟ್, ಎಲ್ಲವೂ ಅದರಲ್ಲಿದೆ. ಆದರೆ ಕೆಲವು ಸರ್ವರ್ ಕಂಪನಿಗಳ ಬೋರ್ಡ್‌ನಲ್ಲಿ ಒಮ್ಮೆ ಆನ್ ಆದ ಎಪಿಕ್ ಚಿಪ್ ಆ ಕಂಪನಿಗೇ ಶಾಶ್ವತವಾಗಿ ಲಾಕ್ ಆಗಿರುತ್ತದೆ, ಬೇರೆಯವರ ಬೋರ್ಡ್‌ನಲ್ಲಿ ಆನ್ ಆಗಲ್ಲ. ಹಣ ಕೊಡುವ ಮುಂಚೆ ‘ಇದು ಲಾಕ್ ಆಗಿಲ್ಲ ತಾನೆ?’ ಅಂತ ಕೇಳಿ, ನಿಮ್ಮ ಬೋರ್ಡ್ ಮೇಲೆ ಕೂರಿಸಿ ಆನ್ ಮಾಡಿಸಿಯೇ ತಗೊಳ್ಳಿ.