ಹಾರ್ಟಿಂಗ್‌ಟನ್‌ನಲ್ಲಿ ತಂಗಲು ಮೂರು ದಾರಿ: ಅಪಾರ್ಟ್‌ಮೆಂಟ್, ಬಿ ಆ್ಯಂಡ್ ಬಿ, ಹಾಸ್ಟೆಲ್

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಾಲ್ಕು ದಿನ ಕಳೆಯಲು ನಮ್ಮಂಥವರ ಜೇಬಿಗೆ ಎಟಕುವ ದಾರಿಗಳು ಮೂರು: ಅಡುಗೆಮನೆಯಿರುವ ಅಪಾರ್ಟ್‌ಮೆಂಟ್, ಬೆಳಗಿನ ತಿಂಡಿ ಕೊಡುವ ಬಿ ಆ್ಯಂಡ್ ಬಿ (ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್), ಇಲ್ಲವೇ ಯೂತ್ ಹಾಸ್ಟೆಲ್. ಮೂರನ್ನೂ ಬೇರೆ ಬೇರೆ ವರ್ಷಗಳಲ್ಲಿ ಡರ್ಬಿಶೈರ್‌ನ ಹಾರ್ಟಿಂಗ್‌ಟನ್ ಆಸುಪಾಸಿನಲ್ಲೇ ಉಳಿದು ನೋಡಿದ್ದೇವೆ. ಊರ ನಡುವೆ ಕೊಳ, ಸುತ್ತ ಗಾರೆಯಿಲ್ಲದೆ ಕಟ್ಟಿದ ಸುಣ್ಣಕಲ್ಲಿನ ಗೋಡೆಗಳು, ನಡೆದು ಹೋಗುವಷ್ಟು ಹತ್ತಿರದಲ್ಲಿ ಡವ್ ನದಿ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್‌ನೊಳಗಿನ ಊರಿದು. ನಮ್ಮ ತಂಡದಲ್ಲಿ ನಾನು, ಗಂಡ, ಮಗಳು ಮತ್ತು ಮೈಸೂರಿನಿಂದ ಬಂದಿದ್ದ ಅತ್ತೆ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ.

ಹಾಸ್ಟೆಲ್ ವಿಷಯ ಬೇಗ ಮುಗಿಸುತ್ತೇನೆ. ಯೂತ್ ಎಂಬುದು ಹೆಸರಿಗಷ್ಟೇ. ಎಲ್ಲ ವಯಸ್ಸಿನವರಿಗೂ ಜಾಗವಿದೆ, ಮೂರರಲ್ಲಿ ಅಗ್ಗವೂ ಇದೇ. ಆದರೆ ಒಂದರ ಮೇಲೊಂದಿರುವ ಮಂಚ ಹತ್ತುವ ಮಂಡಿ ಅತ್ತೆಯದಲ್ಲ. ಎಲ್ಲರೂ ಹಂಚಿಕೊಳ್ಳುವ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಸೂಪು ಕಲಕುತ್ತಿರುವ ಐದಾರು ಜನ ಒಟ್ಟಿಗೆ ತಿರುಗಿ ನೋಡುತ್ತಾರೆ. ಕಾಲೇಜು ಹುಡುಗರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಹೋಗಿ. ನಮಗೆ ಸಾಕು.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಬಿ ಆ್ಯಂಡ್ ಬಿಯಲ್ಲಿ ತಿಂಡಿ ಒಂಬತ್ತರೊಳಗೆ. ಸಸ್ಯಾಹಾರಿ ಎಂದು ಮೊದಲೇ ತಿಳಿಸಿದರೆ ಬೀನ್ಸ್, ಅಣಬೆ, ಸುಟ್ಟ ಟೊಮೆಟೊ, ಆಲೂಗಡ್ಡೆಯ ಹ್ಯಾಶ್ ಬ್ರೌನ್ ತಟ್ಟೆಗೆ ಬರುತ್ತವೆ. ‘ಅದೇ ಬಾಣಲೆಯಲ್ಲಿ ಹಂದಿಮಾಂಸ ಹುರಿದಿಲ್ಲ ತಾನೆ?’ ಎಂದು ಅತ್ತೆ ನನ್ನ ಕೈಲಿ ಕೇಳಿಸಿದರು. ಮನೆಯೊಡತಿ ಬೇಸರ ಪಡದೆ ಬೇರೆ ಬಾಣಲೆ ತಂದು ತೋರಿಸಿದಳು. ಬಿ ಆ್ಯಂಡ್ ಬಿಯ ಆಸ್ತಿಯೆಂದರೆ ಈ ಒಡತಿಯೇ. ವುಲ್ಫ್‌ಸ್ಕೋಟ್ ಡೇಲ್ ಕಣಿವೆಯ ಕಡೆಯ ಕಾಲುದಾರಿ ಮಳೆಯಾದ ಮರುದಿನ ಎಲ್ಲಿ ಕೆಸರಾಗಿರುತ್ತದೆ, ಅತ್ತೆ ಏರಿಳಿತವಿಲ್ಲದೆ ನಡೆಯಲು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹಳೆಯ ರೈಲು ಹಾದಿಯ ಮೇಲೆ ಮಾಡಿದ ಟಿಸ್ಸಿಂಗ್‌ಟನ್ ಟ್ರೇಲ್‌ಗೆ ನಮ್ಮನ್ನು ಕಳಿಸಿದವಳೂ ಅವಳೇ.

ತೊಂದರೆ ಸಂಜೆಗೆ. ನಡೆದು ಸುಸ್ತಾಗಿ ನಾಲ್ಕಕ್ಕೆ ಮರಳಿದರೆ ಕೂರಲು ಇರುವುದು ಹಾಸಿಗೆ ಮಾತ್ರ. ಹೊರಗೆ ಮಳೆ, ಒದ್ದೆ ಬೂಟು ಇಡಲು ಜಾಗವಿಲ್ಲ. ರಾತ್ರಿಯೂಟಕ್ಕೆ ಪಬ್ಬಿಗೇ ಹೋಗಬೇಕು. ಅಲ್ಲಿ ಅತ್ತೆಗೆ ದಕ್ಕುವುದು ಚಿಪ್ಸ್, ಅಂದರೆ ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ. ಎರಡನೆಯ ರಾತ್ರಿಯೂ ಚಿಪ್ಸ್.

ಅಪಾರ್ಟ್‌ಮೆಂಟ್ ಒಂದು ಹೊಲಮನೆಯ ಕಲ್ಲಿನ ಕೊಟ್ಟಿಗೆಯ ಮಹಡಿ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಗೆ ಅಂಕಿ ಒತ್ತಿದರೆ ಬೀಗದ ಕೈ; ಮಾಲೀಕರ ಮುಖ ನೋಡಿದ್ದೇ ಇಲ್ಲ. ಮೇಜಿನ ಮೇಲಿನ ಕಡತದಲ್ಲಿ ಯಾವ ಕಸ ಯಾವ ತೊಟ್ಟಿಗೆ, ಗೇಟನ್ನು ಹೇಗಿತ್ತೋ ಹಾಗೇ ಬಿಡಿ, ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಕಮೋಡಿಗೆ ಟಿಶ್ಯೂ ಹಾಕಬೇಡಿ ಎಂಬ ಸೂಚನೆಗಳು. ಅಡುಗೆಮನೆಯ ಡ್ರಾಯರ್‌ನಲ್ಲಿ ವೈನ್ ಬಿರಡೆ ತೆಗೆಯುವ ತಿರುಪು ಮೂರಿದ್ದವು, ಒಗ್ಗರಣೆಗೆ ಆಗುವ ಸಣ್ಣ ಪಾತ್ರೆ ಒಂದೂ ಇರಲಿಲ್ಲ. ಒಲೆ ಇಂಡಕ್ಷನ್, ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬೆಚ್ಚಗೂ ಆಗದು, ಸ್ಟೀಲ್ ತಳದ್ದನ್ನೇ ಒಯ್ಯಬೇಕು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಹೊಗೆಯ ಅಲಾರಂ ಕಿರುಚಿಕೊಂಡಿತು. ಮಗಳು ಟವೆಲ್ ಬೀಸಿದಳು, ಅತ್ತೆ ನಕ್ಕರು, ಹೊರಗೆ ಕುರಿಗಳು ತಲೆ ಎತ್ತಿ ನೋಡಿದವು. ಬಿಳಿಯ ಕಟ್ಟೆಯ ಮೇಲೆ ಅರಿಶಿನ ಬೀಳದಂತೆ ಕಾಯುವುದು ಇನ್ನೊಂದು ಕೆಲಸ, ಮುಂಗಡ ಠೇವಣಿ ಅವರ ಕೈಲಿರುತ್ತದಲ್ಲ.

ಸಾಮಾನು ತರುವುದೂ ಸುಲಭವಲ್ಲ. ದೊಡ್ಡ ಅಂಗಡಿಗೆ ಬಕ್ಸ್‌ಟನ್ ಅಥವಾ ಆ್ಯಶ್‌ಬೋರ್ನ್‌ಗೆ ಹೋಗಬೇಕು, ಎರಡೂ ಹದಿನೈದು ಕಿಲೋಮೀಟರ್‌ಗಿಂತ ದೂರ. ಭಾನುವಾರವಂತೂ ದೊಡ್ಡ ಅಂಗಡಿಗಳು ಆರು ಗಂಟೆಗಿಂತ ಹೆಚ್ಚು ತೆರೆಯುವಂತಿಲ್ಲ, 1994ರ ಕಾನೂನು. ಶಾಲಾ ರಜೆಯಲ್ಲಿ ಇಂಥ ಮನೆಗಳನ್ನು ಹೆಚ್ಚಾಗಿ ಇಡೀ ವಾರಕ್ಕೇ ಕೊಡುತ್ತಾರೆ, ಎರಡು ರಾತ್ರಿ ಸಾಕೆಂದರೆ ಕೇಳುವವರಿಲ್ಲ.

ಇಷ್ಟಾದರೂ ನನ್ನ ಮತ ಅಪಾರ್ಟ್‌ಮೆಂಟಿಗೇ. ಕಾರಣ ಅನ್ನ ಸಾರಲ್ಲ, ಕೂರುವ ಕೋಣೆ. ಜೂನ್‌ನಲ್ಲಿ ಒಂಬತ್ತೂವರೆಯವರೆಗೂ ಬೆಳಕು. ಅತ್ತೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಯಾರ ಹಂಗೂ ಇಲ್ಲದೆ ಗುಡ್ಡ ನೋಡುತ್ತಿದ್ದರು, ಬಟ್ಟೆ ಒಗೆಯುವ ಯಂತ್ರ ಪಕ್ಕದಲ್ಲಿ ಗುರುಗುಡುತ್ತಿತ್ತು. ಎರಡು ರಾತ್ರಿಯ ಮಟ್ಟಿಗಾದರೆ ಬಿ ಆ್ಯಂಡ್ ಬಿ, ಅದರಲ್ಲಿ ಅನುಮಾನವಿಲ್ಲ.

ಒಂದು ಷರತ್ತು ಮಾತ್ರ ಉಂಟು. ಅಡುಗೆಮನೆ ಬಂದೊಡನೆ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೋ ಅವರ ರಜೆ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲೇ ಗಂಡನೊಡನೆ ಮಾತಾಯಿತು: ಬೆಳಗಿನ ಉಪ್ಪಿಟ್ಟು ನನ್ನದು, ರಾತ್ರಿಯ ಅಡುಗೆ, ಪಾತ್ರೆ, ಬಕ್ಸ್‌ಟನ್ ಓಡಾಟ ಅವರದು. ಅತ್ತೆ ಮೊದಲ ದಿನ ಹುಬ್ಬೇರಿಸಿದರು. ಮೂರನೆಯ ದಿನ ಮಗನ ಬೇಳೆ ಸಾರಿಗೆ ಇನ್ನಷ್ಟು ಹುಣಸೆ ಬೇಕೆಂದರು.